ಅಳಿಸಿಹೋದುದನ್ನು ಉಳಿಸಿಕೊಂಡ ಬಗೆ

ಮನೆಯಲ್ಲಿ ತನ್ನ ಕೈಯಿಂದಾದ ಅಚಾತುರ್ಯವನ್ನು ಹತ್ತು ಜನರೆದುರಿಗೆ ಹೇಳಿಕೊಳ್ಳುವುದು ಯಾವ ಗೃಹಸ್ಥನಿಗೂ ಹಿತವಾದ ಕೆಲಸವಲ್ಲ. ಆದರೂ ಕಳೆದ ಮಳೆಗಾಲದಲ್ಲಿ ನನ್ನಿಂದ ನಡೆದ ಒಂದು ಪ್ರಮಾದವನ್ನೂ, ಅದರಿಂದ ನಾವು ಬಹುಮಟ್ಟಿಗೆ ಪಾರಾದ ರೀತಿಯನ್ನೂ ವಾಚಕರ ಮುಂದಿಡಲು ಮನಸ್ಸುಮಾಡಿರುವೆನು. ಏಕೆಂದರೆ ನಾನು ಮಾಡಿದ ತಪ್ಪು ನಾಳೆ ಯಾರ ಮನೆಯಲ್ಲಾದರೂ ನಡೆಯಬಹುದಾದುದು. ತಪ್ಪು ನಡೆದ ಮೊದಲ ಅರ್ಧ ಗಂಟೆಯಲ್ಲಿ ಮನೆಯವರು ಹೇಗೆ ನಡೆದುಕೊಳ್ಳುವರೆಂಬುದರ ಮೇಲೆಯೇ, ಕಳೆದುದು ಮರಳಿ ದೊರೆಯುವುದೋ ಇಲ್ಲವೋ ಎಂಬುದು ಬಹುಪಾಲು ನಿಂತಿರುತ್ತದೆ.

ಹಿಂದೆ ಹಿರಿಯರ ಕಾಗದಪತ್ರಗಳು ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿದ್ದಾಗ ಅವುಗಳಿಗೆ ಗೆದ್ದಲು, ಇಲಿ, ಸೋರುವ ಮಾಡು ಇವುಗಳ ಭಯವಿತ್ತು. ಆದರೆ ಆ ಶತ್ರುಗಳು ಮೆಲ್ಲಗೆ ಬರುವವು. ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಬಿಸಿಲಿಗೆ ಹಾಕಿದರೆ ಸಾಕಾಗುತ್ತಿತ್ತು. ಈಗ ಅದೇ ಪತ್ರಗಳೂ ಲೆಕ್ಕಗಳೂ ಮಕ್ಕಳ ಭಾವಚಿತ್ರಗಳೂ ಕಂಪ್ಯೂಟರಿನ ಹೊಟ್ಟೆಯಲ್ಲಿ ಸೇರಿಕೊಂಡಿವೆ. ಅಲ್ಲಿ ಗೆದ್ದಲಿನ ಭಯವಿಲ್ಲ. ಆದರೆ ತಿಳಿಯದೆ ಒತ್ತಿದ ಒಂದು ಗುಂಡಿಯಿಂದ ಇಪ್ಪತ್ತು ವರ್ಷದ ಸಂಗ್ರಹವು ಒಂದೂವರೆ ಗಂಟೆಯಲ್ಲಿ ಕಣ್ಮರೆಯಾಗಬಲ್ಲುದು.

ಆದುದೇನು?

ನಮ್ಮ ತಂದೆಯವರು ಮಲೆನಾಡಿನ ಒಂದು ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಎಪ್ಪತ್ತು ವರ್ಷ ದಾಟಿದ ಮೇಲೆ ಅವರು ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯುವ ಕ್ರಮವನ್ನು ಕಲಿತು, ದಿನಕ್ಕೆ ಅರ್ಧ ಪುಟದಂತೆ, ತಮ್ಮ ಬಾಲ್ಯದ ಊರಿನ ನೆನಪುಗಳನ್ನು ೨೩ ಅಧ್ಯಾಯಗಳಾಗಿ ಬರೆದಿಟ್ಟಿದ್ದರು. ಬರೆಯುತ್ತಿದ್ದುದು ಬೆಳಗಿನ ಕಾಫಿಯಾದ ಮೇಲೆ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತನಾಡಿಸುವಂತಿರಲಿಲ್ಲ. ಹೋದ ವರ್ಷ ಮಾಘಮಾಸದಲ್ಲಿ ಅವರು ತೀರಿಕೊಂಡರು. ವರ್ಷಾಂತದ ವೇಳೆಗೆ ಆ ಬರಹವನ್ನು ಸಣ್ಣ ಪುಸ್ತಕವಾಗಿ ಅಚ್ಚುಮಾಡಿಸಿ ಬಂಧುಗಳಿಗೆ ಹಂಚಬೇಕೆಂಬುದು ನಮ್ಮ ತಾಯಿಯವರ ಇಚ್ಛೆ.

ಬರಹವಿದ್ದುದು ೨೦೧೪ರಲ್ಲಿ ಕೊಂಡ ಹಳೆಯ ಕಂಪ್ಯೂಟರಿನಲ್ಲಿ. ಅದು ಈಚೆಗೆ ಬಹಳ ನಿಧಾನವಾಗಿದ್ದಿತು. ಗುಂಡಿಯೊತ್ತಿ ಸ್ನಾನ ಮುಗಿಸಿ ಬಂದರೂ ಅದು ಎಚ್ಚತ್ತಿರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗನೊಡನೆ ಫೋನಿನಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದಾಗ ಅವನು, “ರೀಸೆಟ್ ಮಾಡಿದರೆ ಸರಿಹೋದೀತು, ಮಾವ. ಭಾನುವಾರ ನಾನೇ ಬಂದು ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ಸುಮ್ಮನಿರಿ” ಎಂದನು. ಭಾನುವಾರಕ್ಕೆ ನಾಲ್ಕು ದಿನಗಳಿದ್ದವು. ಸುಮ್ಮನಿರುವ ಸ್ವಭಾವ ನನ್ನದಲ್ಲ.

ಯಂತ್ರದ ವ್ಯವಸ್ಥಾಪಟ್ಟಿಯನ್ನು ಹುಡುಕಿ ಆ ಸ್ಥಳವನ್ನು ತಲಪಿದೆನು. ಅಲ್ಲಿ ಎರಡು ಮಾರ್ಗಗಳನ್ನು ತೋರಿಸಿತ್ತು: ‘ನನ್ನ ಫೈಲುಗಳನ್ನು ಉಳಿಸಿಕೊ’ ಎಂಬುದೊಂದು, ‘ಎಲ್ಲವನ್ನೂ ತೆಗೆದುಹಾಕು’ ಎಂಬುದೊಂದು. ಯಂತ್ರವನ್ನು ನಿಧಾನಗೊಳಿಸಿದ ಕಸವನ್ನೆಲ್ಲ ತೆಗೆದುಹಾಕುವುದೇ ಎರಡನೆಯದರ ಅರ್ಥವೆಂದು ನಾನು ಭಾವಿಸಿದೆನು. ಅನಂತರ ಬಂದ ಎಚ್ಚರಿಕೆಯ ಮಾತುಗಳನ್ನು, ಬ್ಯಾಂಕಿನ ಸಣ್ಣ ಅಕ್ಷರದ ಷರತ್ತುಗಳನ್ನು ಓದುವಂತೆಯೇ, ಓದದೆ ದಾಟಿದೆನು. ಒಂದೂವರೆ ಗಂಟೆಯ ತರುವಾಯ ಯಂತ್ರವು ಎಚ್ಚತ್ತು, ಅಂಗಡಿಯಿಂದ ಬಂದ ದಿನ ಕೇಳಿದ್ದಂತೆಯೇ, ನಾನು ಯಾವ ದೇಶದವನೆಂದು ಕೇಳಿತು. ಪರದೆಯ ಮೇಲಿದ್ದ ತಂದೆಯವರ ಭಾವಚಿತ್ರವೂ ಇರಲಿಲ್ಲ, ಅದರ ಕೆಳಗಿದ್ದ ‘ಊರಿನ ನೆನಪು’ ಎಂಬ ಫೋಲ್ಡರೂ ಇರಲಿಲ್ಲ.

ಗಾಬರಿಯಿಂದ ನಾನು ಎರಡನೆಯ ತಪ್ಪಿಗೆ ಕೈಹಾಕಿದೆನು. ಅಳಿಸಿದ ಫೈಲುಗಳನ್ನು ಮರಳಿ ತರುವ ತಂತ್ರಾಂಶವೊಂದನ್ನು ಅದೇ ಯಂತ್ರಕ್ಕೆ ಇಳಿಸಿಕೊಳ್ಳಲು ಹೊರಟೆನು. ಅಷ್ಟರಲ್ಲಿ ನನ್ನ ಹೆಂಡತಿಯು ಅಳಿಯನಿಗೆ ಫೋನು ಮಾಡಿದ್ದಳು. ಅವನು ಕೇಳಿದೊಡನೆಯೇ, “ಮಾವ, ಇನ್ನೇನನ್ನೂ ಮುಟ್ಟಬೇಡಿ. ಯಂತ್ರವನ್ನು ಆರಿಸಿ, ತಂತಿಯನ್ನೂ ಕಿತ್ತುಬಿಡಿ” ಎಂದನು. ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದ ನಮ್ಮ ತಾಯಿಯವರು ಕಂಪ್ಯೂಟರಿನ ವಿಷಯವನ್ನು ಏನೂ ಅರಿಯರು. ಅವರು ಹೇಳಿದ ಮಾತು ಇಷ್ಟೇ: “ಮಗು, ಮೂಗುಬೊಟ್ಟು ಬಿದ್ದ ಮನೆಯಲ್ಲಿ ಯಾರಾದರೂ ಕಸ ಗುಡಿಸುತ್ತಾರೆಯೆ? ಎಲ್ಲರೂ ನಿಂತಲ್ಲಿಯೇ ನಿಂತು, ದೀಪ ತಂದು ಹುಡುಕುತ್ತಾರೆ.”

ಈ ವಿಷಯದಲ್ಲಿ ನಾನು ಆಮೇಲೆ ಕಲಿತ ಶಾಸ್ತ್ರವೆಲ್ಲವೂ ಆ ಒಂದು ಮಾತಿನ ವಿವರಣೆಯೇ ಆಗಿದೆ.

ಅಳಿಸುವುದೆಂದರೇನು?

ಕಂಪ್ಯೂಟರಿನಲ್ಲಿ ಎರಡು ಬಗೆಯ ಸಾಮಗ್ರಿಗಳಿರುವುವು. ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆಯೊಂದು; ಇದನ್ನೇ ಆಪರೇಟಿಂಗ್ ಸಿಸ್ಟಮ್ ಎನ್ನುವರು. ನಮ್ಮಲ್ಲಿ ಬಹು ಮನೆಗಳಲ್ಲಿರುವುದು ವಿಂಡೋಸ್. ಮತ್ತೊಂದು, ನಾವು ಬರೆದು ಅಥವಾ ತಂದು ಇಟ್ಟುಕೊಂಡ ಫೈಲುಗಳು. ಮೊದಲನೆಯದು ಕೆಟ್ಟರೆ ಮರಳಿ ಹಾಕಿಸಬಹುದು. ಅದು ಲೋಕದಲ್ಲೆಲ್ಲ ಒಂದೇ. ಎರಡನೆಯದು ನಮ್ಮ ಮನೆಯಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ರೀಸೆಟ್ ಎಂಬುದು ಮೊದಲನೆಯದನ್ನು ಹೊಸದಾಗಿಸುವ ಉಪಾಯ. ಅಜಾಗರೂಕತೆಯಿಂದ ಮಾಡಿದಲ್ಲಿ ಎರಡನೆಯದನ್ನೂ ಅದು ತನ್ನೊಡನೆ ಕೊಂಡೊಯ್ಯುತ್ತದೆ.

ಆದರೆ ಅಳಿಸಿದ ಫೈಲು ಆ ಕ್ಷಣವೇ ನಾಶವಾಗುವುದಿಲ್ಲ. ಇದನ್ನು ಒಂದು ಪುಸ್ತಕಭಂಡಾರದ ದೃಷ್ಟಾಂತದಿಂದ ತಿಳಿಯಬಹುದು. ಭಂಡಾರದ ಬಾಗಿಲಲ್ಲಿ ಪುಸ್ತಕಗಳ ಪಟ್ಟಿಯಿರುತ್ತದೆ. ಯಾವ ಪುಸ್ತಕವು ಯಾವ ಕಪಾಟಿನಲ್ಲಿದೆಯೆಂದು ಅದರಿಂದ ತಿಳಿಯುವುದು. ಯಾರಾದರೂ ಆ ಪಟ್ಟಿಯನ್ನು ಹರಿದುಹಾಕಿದರೆ ಪುಸ್ತಕಗಳು ಇದ್ದಲ್ಲಿಯೇ ಇರುವುವು. ಆದರೆ ಭಂಡಾರಿಯು ಕಪಾಟು ಬರಿದಾಗಿದೆಯೆಂದೇ ಭಾವಿಸಿ, ಹೊಸ ಪುಸ್ತಕ ಬಂದಾಗ ಹಳೆಯದನ್ನು ನೂಕಿ ಅಲ್ಲಿ ಇಡುವನು. ತಿರುಗುವ ತಟ್ಟೆಯುಳ್ಳ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ಹೆಚ್ಚು ಕಡಿಮೆ ಇಷ್ಟೇ. ಹೊಸ ಬರಹವು ಹಳೆಯದರ ಮೇಲೆ ಬೀಳುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ.

ಇದು ಬಹಳ ಹಿಂದಿನಿಂದ ತಿಳಿದ ವಿಷಯ. ೧೯೮೧ರಲ್ಲಿ ಐ.ಬಿ.ಎಂ. ಕಂಪನಿಯ ಮೇಜುಯಂತ್ರದೊಡನೆ ಪ್ರಚಾರಕ್ಕೆ ಬಂದ ಡಾಸ್ ಎಂಬ ವ್ಯವಸ್ಥೆಯಲ್ಲಿ, ಫೈಲನ್ನು ಅಳಿಸೆಂದು ಆಜ್ಞೆಮಾಡಿದರೆ, ಯಂತ್ರವು ಆ ಫೈಲಿನ ಹೆಸರಿನ ಮೊದಲಕ್ಷರದ ಜಾಗದಲ್ಲಿ ಒಂದು ವಿಶೇಷ ಗುರುತನ್ನು ಹಾಕಿ, ಅದು ಹಿಡಿದಿದ್ದ ಸ್ಥಳವನ್ನು ಖಾಲಿಯೆಂದು ಬರೆದುಕೊಳ್ಳುತ್ತಿತ್ತು. ಒಳಗಿನ ಬರಹವನ್ನು ಮುಟ್ಟುತ್ತಿರಲಿಲ್ಲ. ಅಮೆರಿಕದ ಪೀಟರ್ ನಾರ್ಟನ್ ಎಂಬಾತನು ೧೯೮೨ರಲ್ಲಿ ಇದೇ ತತ್ತ್ವವನ್ನು ಆಧಾರಮಾಡಿಕೊಂಡು, ಅಳಿಸಿದುದನ್ನು ಮರಳಿ ತೋರಿಸುವ ಒಂದು ಸಾಧನವನ್ನು ರಚಿಸಿ ಪ್ರಸಿದ್ಧನಾದನು. ೧೯೯೧ರಲ್ಲಿ ಬಂದ ಡಾಸ್‌ನ ಐದನೆಯ ಆವೃತ್ತಿಯಲ್ಲಿ ಅಂತಹ ಸೌಕರ್ಯವನ್ನು ಕಂಪನಿಯವರೇ ಸೇರಿಸಿಕೊಟ್ಟರು. ಮನುಷ್ಯನು ಅಳಿಸಿ ಪಶ್ಚಾತ್ತಾಪಪಡುವ ಪ್ರಾಣಿಯೆಂಬುದು ಅಷ್ಟು ಬೇಗ ಅವರಿಗೆ ಮನದಟ್ಟಾಗಿತ್ತು.

ನಾನು ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಲು ಹೊರಟುದು ಏಕೆ ತಪ್ಪೆಂಬುದು ಈಗ ವಾಚಕರಿಗೆ ತಿಳಿದಿರಬಹುದು. ಹುಡುಕುವ ಸಾಧನವೇ ಹುಡುಕಬೇಕಾದ ವಸ್ತುವಿನ ಮೇಲೆ ಕುಳಿತುಕೊಳ್ಳಬಹುದು. ಸುಮ್ಮನೆ ಚಾಲೂ ಇಟ್ಟಿದ್ದರೂ ವಿಂಡೋಸ್ ತನ್ನ ಪರಿಷ್ಕರಣಗಳನ್ನು ತಾನೇ ತರಿಸಿಕೊಂಡು ಡಿಸ್ಕಿನಲ್ಲಿ ಬರೆಯುತ್ತಿರುವುದು. ಆದುದರಿಂದಲೇ ಆರಿಸಿಬಿಡುವುದು ಮೊದಲ ಚಿಕಿತ್ಸೆ.

ಎಲ್ಲ ಡಿಸ್ಕುಗಳೂ ಒಂದೇ ಅಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಈಚಿನ ಲ್ಯಾಪ್‌ಟಾಪುಗಳಲ್ಲಿ ಬಹುಮಟ್ಟಿಗೆ ಇರುವುದು ತಿರುಗುವ ತಟ್ಟೆಯ ಡಿಸ್ಕಲ್ಲ, ಎಸ್‌ಎಸ್‌ಡಿ ಎಂಬ ತಟ್ಟೆಯಿಲ್ಲದ ಡಿಸ್ಕು. ಅದು ಬಹು ವೇಗವಾದುದು. ಆದರೆ ಕಳೆದುದನ್ನು ಮರಳಿಸುವುದರಲ್ಲಿ ಕೃಪಣವಾದುದು. ಫೈಲನ್ನು ಅಳಿಸಿದೊಡನೆ ವಿಂಡೋಸ್ ‘ಟ್ರಿಮ್’ ಎಂಬ ಆಜ್ಞೆಯ ಮೂಲಕ, ಇಂತಿಂತಹ ಸ್ಥಳಗಳು ಇನ್ನು ಬೇಡವೆಂದು ಡಿಸ್ಕಿಗೆ ತಿಳಿಸುತ್ತದೆ. ಡಿಸ್ಕು ತನ್ನ ಬಿಡುವಿನ ವೇಳೆಯಲ್ಲಿ ಆ ಸ್ಥಳಗಳನ್ನು ನಿಜವಾಗಿಯೇ ಒರೆಸಿಬಿಡುತ್ತದೆ. ೨೦೦೯ರ ವಿಂಡೋಸ್ ೭ರಿಂದ ಈ ಪದ್ಧತಿಯು ನಡೆದುಬಂದಿದೆ. ಇಂತಹ ಯಂತ್ರದಲ್ಲಿ ಎಲ್ಲವನ್ನೂ ತೆಗೆದುಹಾಕಿದ ಮೇಲೆ ಡಿಸ್ಕಿನಿಂದ ಮರಳಿ ಪಡೆಯುವ ಆಶೆ ಬಹಳ ಕಡಿಮೆ. ನಮ್ಮದು ಹಳೆಯ ತಟ್ಟೆಯ ಡಿಸ್ಕಾಗಿದ್ದುದು ನಮ್ಮ ಪುಣ್ಯ; ನಾನು ದೂರುತ್ತಿದ್ದ ಆ ಹಳೆಯತನವೇ ನಮ್ಮನ್ನು ಕಾಪಾಡಿತು.

ಮತ್ತೊಂದು ವಿಷಯ. ಕಳ್ಳನ ಕೈಗೆ ಯಂತ್ರ ಸಿಕ್ಕಿದರೂ ಒಳಗಿನ ಗುಟ್ಟು ಸಿಕ್ಕದಿರಲೆಂದು ಈಗಿನ ಹಲವು ಯಂತ್ರಗಳು ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿ ಬರೆದಿಡುವುವು. ವಿಂಡೋಸ್‌ನಲ್ಲಿ ಇದಕ್ಕೆ ಬಿಟ್‌ಲಾಕರ್ ಎಂದು ಹೆಸರು. ಇದನ್ನು ಬಿಡಿಸುವ ಕೀಲಿಯು ೪೮ ಅಂಕೆಗಳ ಒಂದು ಸಂಖ್ಯೆ. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ಆ ಸಂಖ್ಯೆಯು ಕೈಯಲ್ಲಿಲ್ಲದಿದ್ದರೆ, ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೂ ದೊರೆಯುವುದು ಅರ್ಥವಿಲ್ಲದ ಚೂರುಗಳು ಮಾತ್ರ. ವಾಚಕರು ತಮ್ಮ ಯಂತ್ರವು ಆರೋಗ್ಯವಾಗಿರುವಾಗಲೇ ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳೊಡನೆ ಇಟ್ಟುಕೊಳ್ಳುವುದು ಲೇಸು.

ಮೊದಲು ಮನೆಯೊಳಗೆ ಹುಡುಕತಕ್ಕದ್ದು

ಭಾನುವಾರದವರೆಗೆ ಯಂತ್ರವನ್ನು ಬಟ್ಟೆಮುಚ್ಚಿ ಇಟ್ಟೆವು. ಅಷ್ಟರಲ್ಲಿ ಮಾಡಬಹುದಾದ ಕೆಲಸವೊಂದನ್ನು ಅಳಿಯನು ಹೇಳಿದನು: ಅದೇ ಬರಹದ ಪ್ರತಿಯು ಬೇರೆಲ್ಲಿಯಾದರೂ ಇದೆಯೇ ಎಂದು ನೋಡುವುದು. ಎಷ್ಟೋ ವೇಳೆ ಜನರು ಡಿಸ್ಕಿನ ಚಿಂತೆಯಲ್ಲಿ ಈ ಸುಲಭವಾದ ದಾರಿಯನ್ನು ಮರೆಯುವರು.

ಹುಡುಕಬೇಕಾದ ಸ್ಥಳಗಳು ಇವು. ಹಳೆಯ ಪೆನ್ ಡ್ರೈವುಗಳು. ಯಾರಿಗಾದರೂ ಇ-ಮೇಲಿನಲ್ಲಿ ಕಳುಹಿಸಿದ್ದರೆ, ‘ಕಳುಹಿಸಿದ ಪತ್ರಗಳು’ ಎಂಬ ವಿಭಾಗ. ಫೋನಿನಲ್ಲಿ ವಾಟ್ಸಾಪ್ ಮೂಲಕ ಬಂದುಹೋದ ಫೈಲುಗಳು. ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಎಂಬ ದೂರದ ಉಗ್ರಾಣಗಳು. ಈ ಉಗ್ರಾಣಗಳಿಂದ ಅಳಿಸಿಹೋದುದೂ ಸಾಮಾನ್ಯವಾಗಿ ೩೦ ದಿನಗಳವರೆಗೆ ಅವುಗಳದೇ ಕಸದ ಬುಟ್ಟಿಯಲ್ಲಿರುವುದು. ಅವಧಿ ಮೀರುವ ಮುನ್ನ ನೋಡತಕ್ಕದ್ದು. ವಿಂಡೋಸನ್ನು ಅಳಿಸದೆ, ಹಳೆಯದರ ಮೇಲೆಯೇ ಹೊಸದನ್ನು ಹಾಕಿಸಿದ್ದ ಪಕ್ಷದಲ್ಲಿ, ಸಿ ಡ್ರೈವಿನಲ್ಲಿ ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿನೊಳಗೆ ಹಿಂದಿನ ಫೈಲುಗಳು ಭದ್ರವಾಗಿರುವುದುಂಟು. ಇದನ್ನು ಸುಮಾರು ಹತ್ತು ದಿನಗಳಲ್ಲಿ ಯಂತ್ರವೇ ತೆಗೆದುಹಾಕುವುದರಿಂದ ಒಡನೆಯೇ ಬೇರೆಡೆಗೆ ನಕಲುಮಾಡಿಕೊಳ್ಳಬೇಕು.

ನಮ್ಮ ತಂಗಿಯು ಹುಬ್ಬಳ್ಳಿಯಲ್ಲಿದ್ದಾಳೆ. ತಂದೆಯವರು ಮೊದಮೊದಲು ಬರೆದ ಅಧ್ಯಾಯಗಳನ್ನು ಅವಳಿಗೆ ಓದಲು ಇ-ಮೇಲಿನಲ್ಲಿ ಕಳುಹಿಸಿದ್ದರೆಂದು ಅವಳು ನೆನಪುಮಾಡಿಕೊಂಡಳು. ಹಾಗೆ ನಾಲ್ಕು ಅಧ್ಯಾಯಗಳು ದೊರೆತವು. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಊಟಮಾಡಿದರು.

ಡಿಸ್ಕಿನಿಂದ ತೆಗೆದ ರೀತಿ

ಭಾನುವಾರ ಬಂದ ಅಳಿಯನು ಡಿಸ್ಕನ್ನು ಯಂತ್ರದಿಂದ ಬಿಚ್ಚಿ, ಒಂದು ಸಣ್ಣ ಜೋಡಣೆಯ ಮೂಲಕ ತನ್ನ ಲ್ಯಾಪ್‌ಟಾಪಿಗೆ ಸೇರಿಸಿದನು. ಮೊಟ್ಟಮೊದಲು ಮಾಡಿದುದು ಹುಡುಕುವ ಕೆಲಸವಲ್ಲ. ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ, ಖಾಲಿಯೆನಿಸುವ ಸ್ಥಳಗಳನ್ನೂ ಬಿಡದೆ, ಯಥಾವತ್ತಾದ ಪಡಿಯಚ್ಚನ್ನು ಬೇರೊಂದು ದೊಡ್ಡ ಡಿಸ್ಕಿನಲ್ಲಿ ತೆಗೆದನು. ಇದಕ್ಕೆ ಹಲವು ಗಂಟೆಗಳು ಹಿಡಿದವು. ಅನಂತರ ಮೂಲ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿಸಿದನು. ಮುಂದಿನ ಪ್ರಯೋಗಗಳೆಲ್ಲವೂ ಪಡಿಯಚ್ಚಿನ ಮೇಲೆಯೇ ನಡೆದವು. ಪ್ರಯೋಗವು ಕೆಟ್ಟರೂ ಮೂಲಕ್ಕೆ ಹಾನಿಯಿಲ್ಲವೆಂಬುದು ಇದರ ಗುಟ್ಟು.

ಹುಡುಕಲು ಅವನು ಉಪಯೋಗಿಸಿದುದು ಫೋಟೊರೆಕ್ ಎಂಬ, ಹಣಕೊಡದೆ ದೊರೆಯುವ ತಂತ್ರಾಂಶ. ಹೆಸರಿನಲ್ಲಿ ಫೋಟೊ ಇದ್ದರೂ ಅದು ಬರಹದ ಫೈಲುಗಳನ್ನೂ ಹುಡುಕುತ್ತದೆ. ಹರಿದುಹೋದ ಪಟ್ಟಿಯನ್ನು ಅದು ನಂಬುವುದಿಲ್ಲ. ಕಪಾಟುಗಳನ್ನೇ ಒಂದೊಂದಾಗಿ ನೋಡುತ್ತ ಹೋಗುತ್ತದೆ. ಪ್ರತಿಯೊಂದು ಜಾತಿಯ ಫೈಲಿಗೂ ಆರಂಭದಲ್ಲಿ ಒಂದು ನಿಯತವಾದ ಗುರುತಿರುತ್ತದೆ, ಹಿಂದಿನವರು ಪತ್ರದ ತಲೆಯಲ್ಲಿ ‘ಶ್ರೀ’ ಬರೆಯುತ್ತಿದ್ದಂತೆ. ಆ ಗುರುತು ಕಂಡಲ್ಲಿಂದ ಫೈಲು ಆರಂಭವಾಯಿತೆಂದು ಅದು ತಿಳಿಯುವುದು. ಈ ಕ್ರಮದಲ್ಲಿ ಎರಡು ಕೊರತೆಗಳುಂಟು. ಫೈಲಿನ ಹೆಸರು ಪಟ್ಟಿಯಲ್ಲಿದ್ದುದಾದ್ದರಿಂದ ಹೆಸರು ದೊರೆಯುವುದಿಲ್ಲ; ಬರಿಯ ಸಂಖ್ಯೆಯ ಹೆಸರುಗಳು ಬರುವುವು. ಎರಡನೆಯದಾಗಿ, ಒಂದೇ ಫೈಲು ಡಿಸ್ಕಿನ ಹಲವು ಕಡೆಗಳಲ್ಲಿ ತುಂಡುತುಂಡಾಗಿ ಹಂಚಿಹೋಗಿದ್ದರೆ ಪೂರ್ಣವಾಗಿ ಕೂಡಿಬರುವುದು ಕಷ್ಟ.

ಇನ್ನೊಂದು ಎಚ್ಚರಿಕೆ. ಡಿಸ್ಕು ಟಿಕ್‌ಟಿಕ್ಕೆಂದು ಶಬ್ದಮಾಡುತ್ತಿದ್ದರೆ, ಅಥವಾ ಕೆಳಗೆ ಬಿದ್ದುದಾದರೆ, ಇದಾವುದನ್ನೂ ಮನೆಯಲ್ಲಿ ಮಾಡಕೂಡದು. ಅದನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಬಲ್ಲ ಪರಿಣತರಿಗೆ ಒಪ್ಪಿಸಬೇಕು. ಸ್ವಂತವಾಗಿ ಬಿಚ್ಚಲು ಹೋದವರು ಉಳಿದಿದ್ದ ಆಶೆಯನ್ನೂ ಕಳೆದುಕೊಂಡಾರು.

ಕನ್ನಡದ ಫೈಲುಗಳಲ್ಲಿ ಒಂದು ತೊಡಕು

ರಾತ್ರಿಯೆಲ್ಲ ನಡೆದ ಹುಡುಕಾಟದಿಂದ ಬೆಳಗಾಗುವ ವೇಳೆಗೆ ಸಾವಿರಾರು ಫೈಲುಗಳು ಬಂದು ಬಿದ್ದಿದ್ದವು. ಬರಹದ ಫೈಲುಗಳನ್ನು ಬೇರ್ಪಡಿಸಿ ನೋಡುವ ಕೆಲಸವನ್ನು ನಾನು ವಹಿಸಿಕೊಂಡೆನು. ವಿದ್ಯುತ್ ಕಚೇರಿಗೆ ಬರೆದ ಅರ್ಜಿ, ಮಗಳ ಶಾಲೆಯ ಪ್ರಬಂಧ ಇತ್ಯಾದಿ ಇಂಗ್ಲಿಷಿನವು ಸರಿಯಾಗಿದ್ದವು. ಉಳಿದ ಹಲವನ್ನು ತೆರೆದರೆ, ತಲೆಯ ಮೇಲೆ ಗೀಟುಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳು, ಅಂಕೆಗಳು, ಚಿಹ್ನೆಗಳು ಪುಟಗಟ್ಟಲೆ ಹರಡಿಕೊಂಡಿದ್ದವು. ಇವೆಲ್ಲ ಕೆಟ್ಟುಹೋದವೆಂದು ತಿಳಿದು ನಾನು ಹನ್ನೊಂದು ಫೈಲುಗಳನ್ನು ಬುಟ್ಟಿಗೆ ಹಾಕಿಬಿಟ್ಟೆನು.

ಕಾಫಿಯ ಲೋಟವನ್ನು ಹಿಡಿದು ಬಂದ ಅಳಿಯನು ಪರದೆಯನ್ನು ನೋಡಿ, “ಮಾವ, ಇದು ಕೆಟ್ಟದ್ದಲ್ಲ. ಇದು ಕನ್ನಡ. ತಾತ ಬರೆದದ್ದೇ ಇದು!” ಎಂದು ಕೂಗಿದನು.

ಈ ವಿಷಯವು ಕನ್ನಡಿಗರಿಗೆ ವಿಶೇಷವಾಗಿ ತಿಳಿದಿರಬೇಕಾದುದು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತವಾದ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ನಮ್ಮ ಲಿಪಿಗೆ ಸ್ಥಾನವಿತ್ತು. ಆದರೆ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಷ್ಟರಲ್ಲಿ ೧೯೯೮ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನವರು ರೂಪಿಸಿದ ‘ನುಡಿ’ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಮನೆಮನೆಯ ಕಂಪ್ಯೂಟರಿಗೆ ತಂದವು. ಆ ಕಾಲದ ಫಾಂಟುಗಳು ಇಂಗ್ಲಿಷಿನ ಅಕ್ಷರಗಳಿಗೆ ಸಲ್ಲುವ ಸಂಖ್ಯೆಗಳಿಗೇ ಕನ್ನಡದ ವೇಷವನ್ನು ತೊಡಿಸಿ ತೋರಿಸುತ್ತಿದ್ದವು. ಫಾಂಟು ಯಂತ್ರದಲ್ಲಿರುವವರೆಗೆ ಕನ್ನಡವು ಕನ್ನಡವಾಗಿಯೇ ಕಾಣುತ್ತದೆ. ರೀಸೆಟ್ ಮಾಡಿದಾಗ ಫಾಂಟೂ ಹೋಗುವುದರಿಂದ ವೇಷವು ಕಳಚಿ ಒಳಗಿನ ಇಂಗ್ಲಿಷ್ ಚಿಹ್ನೆಗಳು ಹೊರಬೀಳುವುವು. ಆ ಫಾಂಟನ್ನು ಮರಳಿ ಹಾಕಿ, ಬರಹವನ್ನೆಲ್ಲ ಆಯ್ದು, ಅದೇ ಫಾಂಟನ್ನು ಸೂಚಿಸಿದರೆ ಕನ್ನಡವು ಪುನಃ ಮೈದೋರುತ್ತದೆ. ಆದುದರಿಂದ ಹಳೆಯ ಕನ್ನಡ ಫೈಲು ಅರ್ಥವಿಲ್ಲದಂತೆ ಕಂಡಮಾತ್ರಕ್ಕೆ ಅದನ್ನು ಯಾರೂ ಎಸೆಯಕೂಡದು.

ಬುಟ್ಟಿಗೆ ಹಾಕಿದ್ದ ಹನ್ನೊಂದನ್ನೂ ಹೊರತೆಗೆದೆವು. ನುಡಿ ಫಾಂಟನ್ನು ಹಾಕಿದ ಕೂಡಲೆ, ಗೀಟು ಹೊತ್ತ ಅಕ್ಷರಗಳೆಲ್ಲವೂ ಒಮ್ಮೆಗೇ ತಿರುಗಿ, ತುಂಗೆಯ ದಂಡೆ, ಅಡಕೆಯ ತೋಟ, ಹೆಂಚು ಹೊದಿಸಿದ ಶಾಲೆ ಇವುಗಳ ಮಾತಾದವು. ನಮ್ಮ ತಾಯಿಯವರು ಕನ್ನಡಕವನ್ನು ತರಿಸಿಕೊಂಡು ಕುಳಿತರು. ಎಷ್ಟೋ ಹೊತ್ತು ಯಾರೂ ಮಾತನಾಡಲಿಲ್ಲ.

ಲೆಕ್ಕವನ್ನು ಹೇಳುವುದಾದರೆ, ೨೩ ಅಧ್ಯಾಯಗಳಲ್ಲಿ ಡಿಸ್ಕಿನಿಂದ ಪೂರ್ಣವಾಗಿ ದೊರೆತವು ೧೭. ತಂಗಿಯ ಇ-ಮೇಲಿನಿಂದ ೪. ಅರ್ಧ ಮಾತ್ರ ಉಳಿದುದು ೧. ಏನೂ ಸಿಕ್ಕದೆ ಹೋದುದು ೧. ಹೊಸ ವಿಂಡೋಸ್ ಆ ಸ್ಥಳದ ಮೇಲೆ ಬಂದು ಕುಳಿತಿದ್ದಿತು.

ಯಂತ್ರವನ್ನು ಸರಿಪಡಿಸಿದುದು

ಫೈಲುಗಳು ಕೈಸೇರಿದ ಮೇಲೆಯೇ ಯಂತ್ರದ ಕಡೆಗೆ ಗಮನಕೊಟ್ಟೆವು. ಈ ಕ್ರಮವನ್ನು ತಪ್ಪಿಸಬಾರದು. ಹಳೆಯ ಡಿಸ್ಕನ್ನು ಹಾಗೆಯೇ ಬೀರುವಿನಲ್ಲಿ ಉಳಿಸಿ, ಹೊಸ ಎಸ್‌ಎಸ್‌ಡಿಯೊಂದನ್ನು ಹಾಕಿಸಿ ಅದರಲ್ಲಿ ವಿಂಡೋಸನ್ನು ಸ್ಥಾಪಿಸಿದೆವು. ರೀಸೆಟ್ ಅರ್ಧದಲ್ಲಿ ನಿಂತು ಯಂತ್ರವೇ ಏಳದಂತಾದವರೂ ಇದೇ ದಾರಿಯನ್ನು ಹಿಡಿಯಬಹುದು. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನವರ ಸಾಧನದಿಂದ, ಕನಿಷ್ಠ ೮ ಜಿಬಿಯ ಪೆನ್ ಡ್ರೈವಿನಲ್ಲಿ, ವಿಂಡೋಸನ್ನು ಸ್ಥಾಪಿಸುವ ಪ್ರತಿಯನ್ನು ಮಾಡಿಕೊಳ್ಳಬೇಕು. ಪರವಾನಗಿಯ ವಿಷಯದಲ್ಲಿ ಸಾಮಾನ್ಯವಾಗಿ ಹೆದರಬೇಕಾದುದಿಲ್ಲ. ಒಮ್ಮೆ ಸಕ್ರಮವಾಗಿ ದಾಖಲಾದ ಯಂತ್ರವನ್ನು ಅದರ ಯಂತ್ರಾಂಗಗಳಿಂದಲೇ ಕಂಪನಿಯು ಗುರುತಿಸುವುದು. ಮುದ್ರಣಯಂತ್ರದ ತಂತ್ರಾಂಶ, ಕನ್ನಡದ ಕೀಲಿಮಣೆ, ಫಾಂಟು ಇವುಗಳನ್ನು ಮಾತ್ರ ಒಂದೊಂದಾಗಿ ಮರಳಿ ಹಾಕಿಕೊಳ್ಳಬೇಕಾಯಿತು. ಯಂತ್ರವೀಗ ಗುಂಡಿಯೊತ್ತಿ ಚಾಪೆ ಮಡಚುವಷ್ಟರಲ್ಲಿ ಎಚ್ಚರಗೊಳ್ಳುತ್ತದೆ. ನನಗೆ ಬೇಕಾಗಿದ್ದುದು ಇದೇ. ಕೇಳುವ ಕ್ರಮವು ಮಾತ್ರ ತಪ್ಪಾಗಿದ್ದಿತು.

ರೀಸೆಟ್ ಮಾಡಲೇಬೇಕಾದವರು ‘ನನ್ನ ಫೈಲುಗಳನ್ನು ಉಳಿಸಿಕೊ’ ಎಂಬುದನ್ನೇ ಆರಿಸಬೇಕು. ಆಗಲೂ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುವುವು, ಬರಹಗಳೂ ಚಿತ್ರಗಳೂ ಉಳಿಯುವುವು. ಯಂತ್ರವನ್ನು ಮಾರುವಾಗ ಅಥವಾ ದಾನಮಾಡುವಾಗ ಮಾತ್ರವೇ ‘ಎಲ್ಲವನ್ನೂ ತೆಗೆದುಹಾಕು’ ಎಂಬುದು ಸಲ್ಲತಕ್ಕದ್ದು. ಅದರೊಳಗೆ ಡಿಸ್ಕನ್ನು ಪೂರ್ಣವಾಗಿ ಒರೆಸುವ ಇನ್ನೊಂದು ಆಯ್ಕೆಯೂ ಉಂಟು. ಅದನ್ನು ಒತ್ತಿದ ಬಳಿಕ ಮರಳಿ ಪಡೆಯುವ ಮಾತೇ ಇಲ್ಲ.

ಎರಡನೆಯ ಪ್ರತಿ

೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಎಂಬ ಚಿತ್ರಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಎಂಬ ಚಲಚ್ಚಿತ್ರವು ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ತಪ್ಪಾದ ಆಜ್ಞೆಯಿಂದ ಚಿತ್ರದ ಫೈಲುಗಳು ಕಣ್ಣೆದುರಿಗೇ ಒಂದೊಂದಾಗಿ ಅಳಿಸತೊಡಗಿದವು. ಯಂತ್ರದ ತಂತಿಯನ್ನು ಕೀಳಿರೆಂದು ಕೂಗಿ ನಿಲ್ಲಿಸುವಷ್ಟರಲ್ಲಿ ಬಹುಭಾಗವು ಹೋಗಿತ್ತು. ಸಂಸ್ಥೆಯವರು ಇಟ್ಟಿದ್ದ ಬ್ಯಾಕಪ್ ಪ್ರತಿಯು ಸರಿಯಾಗಿ ನಡೆಯುತ್ತಿರಲಿಲ್ಲವೆಂದು ಆಗ ತಿಳಿದುಬಂತು. ಅವರನ್ನು ಕಾಪಾಡಿದವಳು ಗ್ಯಾಲಿನ್ ಸಸ್ಮನ್ ಎಂಬ ತಂತ್ರನಿರ್ದೇಶಕಿ. ಹೆರಿಗೆಯಾಗಿ ಹಸುಗೂಸಿನೊಡನೆ ಮನೆಯಲ್ಲಿದ್ದುಕೊಂಡೇ ಕೆಲಸಮಾಡುತ್ತಿದ್ದ ಆಕೆಯ ಮನೆಯ ಯಂತ್ರದಲ್ಲಿ ಚಿತ್ರದ ಒಂದು ಪ್ರತಿಯಿದ್ದಿತು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ ಕಾರಿನಲ್ಲಿಟ್ಟು ಸಂಸ್ಥೆಗೆ ತಂದರು. ಚಿತ್ರವು ೧೯೯೯ರಲ್ಲಿ ಬಿಡುಗಡೆಯಾಯಿತು.

ಅಷ್ಟು ದೊಡ್ಡ ಸಂಸ್ಥೆಯನ್ನು ಉಳಿಸಿದುದು ಮತ್ತೊಂದು ಮನೆಯಲ್ಲಿದ್ದ ಪ್ರತಿ; ನಮ್ಮ ನಾಲ್ಕು ಅಧ್ಯಾಯಗಳನ್ನು ಉಳಿಸಿದುದೂ ಅದೇ. ಬಲ್ಲವರು ಹೇಳುವ ನಿಯಮ ಸರಳವಾಗಿದೆ: ಮುಖ್ಯವಾದುದರ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಇರಲಿ. ದೂರದ ಉಗ್ರಾಣಕ್ಕೆ ತಾನಾಗಿಯೇ ಹೋಗುವ ಪ್ರತಿಯೊಂದನ್ನೇ ನಂಬಿಕೊಳ್ಳಬಾರದು. ಇಲ್ಲಿ ಅಳಿಸಿದರೆ ಅದು ಅಲ್ಲಿಯೂ ಅಳಿಸಬಹುದು. ಇಟ್ಟ ಪ್ರತಿಯನ್ನು ಆಗಾಗ ತೆರೆದು ನೋಡುವುದೂ ಅವಶ್ಯಕ. ಉಪ್ಪಿನಕಾಯಿಯ ಭರಣಿಯನ್ನು ಮುಚ್ಚಿಟ್ಟು ವರ್ಷದ ಕೊನೆಗೆ ತೆರೆಯುವ ಗೃಹಿಣಿಯುಂಟೆ?

ಕೊನೆಯ ಮಾತು

ಪೂರ್ಣವಾಗಿ ಕಳೆದುಹೋದ ಅಧ್ಯಾಯವು ನಮ್ಮ ತಂದೆತಾಯಿಗಳ ಮದುವೆಯದು. ಅದನ್ನು ನಾನೊಮ್ಮೆ ಓದಿದ್ದೆನು. ದಿಬ್ಬಣದ ದಾರಿಯಲ್ಲಿ ಮಳೆ ಹಿಡಿದುದೊಂದು ಬಿಟ್ಟರೆ ಏನೂ ನೆನಪಿರಲಿಲ್ಲ. ಇದನ್ನು ತಾಯಿಯವರಿಗೆ ಹೇಳಲು ಮೂರು ದಿನ ಹಿಂದೆಗೆದೆನು. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಅಪ್ಪಯ್ಯ ಅದರಲ್ಲಿ ಏನು ಬರೆದಿದ್ದರೋ ನಾನು ಓದಿಯೇ ಇರಲಿಲ್ಲ. ಓದಿಸುತ್ತೇನೆ ಎನ್ನುತ್ತಲೇ ಇದ್ದರು. ಇರಲಿ, ನಾನು ಹೇಳುತ್ತೇನೆ, ನೀನು ಬರೆದುಕೊ” ಎಂದರು.

ಬೆಳಗಿನ ಕಾಫಿಯಾದ ಮೇಲೆ, ದಿನಕ್ಕೆ ಅರ್ಧ ಪುಟದಂತೆ, ಅವರು ಹೇಳಿದರು. ನಾನು 'ನುಡಿ'ಯನ್ನು ಬಿಟ್ಟು ಯೂನಿಕೋಡಿನಲ್ಲಿ ಬರೆದುಕೊಂಡೆನು. ಅವರ ಪ್ರಕಾರ ಮಳೆ ಬಂದುದು ದಿಬ್ಬಣಕ್ಕಲ್ಲ, ಮರುದಿನ ಮನೆ ತುಂಬಿಸಿಕೊಳ್ಳುವ ಹೊತ್ತಿಗೆ. ಕೆಸರಿನಲ್ಲಿ ಮದುಮಗನ ಚಪ್ಪಲಿ ಸಿಕ್ಕಿಹಾಕಿಕೊಂಡುದನ್ನು ಯಾರಿಗೂ ಹೇಳಬಾರದೆಂದು ಅಂದು ಮಾತಾಗಿತ್ತಂತೆ. ಪುಸ್ತಕವು ವರ್ಷಾಂತಕ್ಕೆ ಸರಿಯಾಗಿ ಅಚ್ಚಾಯಿತು. ಆ ಅಧ್ಯಾಯದ ಕೆಳಗೆ ಮಾತ್ರ ತಾಯಿಯವರ ಹೆಸರಿದೆ. ಅದರ ಒಂದು ಪ್ರತಿಯು ನಮ್ಮ ಯಂತ್ರದಲ್ಲಿಯೂ, ಒಂದು ಬೀರುವಿನ ಡಿಸ್ಕಿನಲ್ಲಿಯೂ, ಒಂದು ಹುಬ್ಬಳ್ಳಿಯ ತಂಗಿಯ ಮನೆಯಲ್ಲಿಯೂ ಇರುವುದು.